ಬಿರಾದಾರ ಸರ್ ಅವರ ಎರಡು ಪೆನ್ನು

ಬಿರಾದಾರ ಸರ್ ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತಿದ್ದವು, ಒಂದು ನೀಲಿ, ಒಂದು ಕಪ್ಪು. ಸಾತಪುರದ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಪಕ್ಕಕ್ಕಿಡುವುದು ಅವರ ಕೆಲಸ. ವಾರವೆಲ್ಲ ಅದನ್ನು ಮಾಡಿ, ಭಾನುವಾರ ನಾಸಿಕದ ಕನ್ನಡದ ಮಕ್ಕಳನ್ನು ಅಳೆಯಲು ಕೂರುತ್ತಿದ್ದರು. ಕನ್ನಡ ಕ್ಲಾಸು ನಡೆಯುತ್ತಿದ್ದದ್ದು ಶೆಟ್ಟರ ಹೋಟೆಲಿನ ಮಾಳಿಗೆಯ ಮೇಲೆ. ಕೆಳಗಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು. ಮೇಲೆ ನಾವು ಮರಾಠಿಯಲ್ಲಿ ಯೋಚಿಸಿ ಕನ್ನಡದಲ್ಲಿ ತಡವರಿಸುತ್ತಿದ್ದೆವು.

ಪುಸ್ತಕದ ಪಾಠ ಅಷ್ಟಕ್ಕಷ್ಟೇ. ಸರ್ ಕೊಡುತ್ತಿದ್ದ ಕೆಲಸವೇ ಬೇರೆ: ನಮ್ಮ ಸುತ್ತಮುತ್ತ ಹತ್ತು ಜನರಿಗಾಗಿ ಮುಂದೆ ನಿಂತವರು ಯಾರಿದ್ದಾರೆಂದು ಹುಡುಕಬೇಕು, ಅವರಲ್ಲಿಗೆ ಹೋಗಿ ಕೆಲಸ ನೋಡಬೇಕು, ಪ್ರಶ್ನೆ ಕೇಳಬೇಕು, ಬರೆದು ತರಬೇಕು. ರಾಜ್ಯೋತ್ಸವದ ದಿನ ಅವರನ್ನು ಕರೆಸಿ, ಬರೆದದ್ದನ್ನು ಅವರೆದುರಿಗೇ ಓದಿ, ಆಮೇಲೆ ಶಾಲು ಹೊದಿಸಬೇಕು. ಕಣ್ಣಾರೆ ಕಂಡದ್ದು ನೀಲಿಯಲ್ಲಿ, ಪ್ರಶ್ನೆಗೆ ಬಂದ ಉತ್ತರ ಕಪ್ಪಿನಲ್ಲಿ.

"ಎರಡೂ ಅಲ್ಲದ್ದು ಬರೀಬೇಕಂದ್ರ ಯಾವ ಪೆನ್ ಸರ್?" ಎಂದು ಒಬ್ಬ ತರಲೆ ಕೇಳಿದ.

"ಆ ಪೆನ್ ಇನ್ನಾ ತಯಾರ್ ಆಗಿಲ್ಲ ಬೇಟಾ," ಎಂದರು ಸರ್, ನಗದೆ.

ಶಾಲಿನ ವಿಷಯದಲ್ಲಿ ಮನುಷ್ಯ ಮಹಾ ಜಿಪುಣ. ಊರಿನ ಕನ್ನಡ ಸಂಘದ ಅಧ್ಯಕ್ಷರು ಒಮ್ಮೆ, ತಮಗೆ ಬೇಕಾದ ಬಿಲ್ಡರ್ ಒಬ್ಬರಿಗೂ ಒಂದು ಶಾಲು ಇರಲಿ ಎಂದರು. "ಇರ್ಲಿರಿ. ಮೊದಲ ಹುಡುಗರು ಹೋಗಿ ಅವರ ಕೆಲಸ ನೋಡಿ, ನಾಕು ಮಾತು ಕೇಳ್ಕೊಂಡು ಬರ್ಲಿ," ಎಂದರು ಸರ್. ಬಿಲ್ಡರಿಗೆ ಪುರುಸೊತ್ತಾಗಲಿಲ್ಲ. ಶಾಲು ಉಳಿಯಿತು.

ನನಗೆ ಹದಿನಾಲ್ಕು ವರ್ಷವಾಗಿದ್ದಾಗ ನನ್ನ ಪಾಲಿಗೆ ಬಂದವರು ಲಾಸಲಗಾಂವಿನ ಶಾಂತಾಬಾಯಿ. ಕಲಬುರಗಿ ಕಡೆಯವರು, ಲಾಸಲಗಾಂವಿನ ಒಂದು ಗೋದಾಮಿನಲ್ಲಿ ಈರುಳ್ಳಿ ಆರಿಸುವವರು. ಹೆಂಗಸರಿಗೆ ನೆರಳು ಬೇಕು, ಶೌಚಾಲಯ ಬೇಕು ಎಂದು ಎಲ್ಲರನ್ನೂ ಕೂಡಿಸಿ ಕೆಲಸ ನಿಲ್ಲಿಸಿ ಕೂತು, ಎರಡನ್ನೂ ಮಾಡಿಸಿಕೊಂಡವರು. ಇಷ್ಟನ್ನು ಸರ್ ಹೇಳಿದ್ದರು. ಉಳಿದದ್ದನ್ನು ನಾನು ಹೋಗಿ ತಿಳಿದುಕೊಳ್ಳಬೇಕಿತ್ತು. ಹೊರಡಬೇಕಾದ ಶನಿವಾರ ಗೆಳತಿಯ ಹುಟ್ಟುಹಬ್ಬ ಬಂತು. ಹೋಗಲಿಲ್ಲ. ಮನೆಯಲ್ಲೇ ಕೂತು ಎರಡು ಪುಟ ತುಂಬಿಸಿದೆ, ಬಹುಪಾಲು ನೀಲಿಯಲ್ಲಿ.

ಸಮಾರಂಭದ ದಿನ ಶಾಂತಾಬಾಯಿ ಇಸ್ತ್ರಿ ಮಾಡಿದ ಸೀರೆಯುಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ರಾಗವಾಗಿ ಓದಿದೆ: "ದಿನವಿಡೀ ಈರುಳ್ಳಿ ಹೆಚ್ಚಿ ಹೆಚ್ಚಿ ಇವರ ಕಣ್ಣಲ್ಲಿ ನೀರು ಬತ್ತುವುದೇ ಇಲ್ಲ."

"ಉಳ್ಳಾಗಡ್ಡಿ ಹೆಚ್ಚಾಕ ಅದೇನ್ ಖಾನಾವಳಿ ಅದ ಏನ್ ಯವ್ವಾ?" ಎಂದರು ಶಾಂತಾಬಾಯಿ. "ನಾವು ಬರೇ ಆರಸ್ತೀವಿ. ನೀ ನಮ್ಮ ಕಡಿ ಯಾವಾಗ ಬಂದಿದ್ದಿ?"

ಸಭೆ ಗೊಳ್ಳೆಂದು ನಕ್ಕಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸರ್ ಎದ್ದು ಬಂದು ನನ್ನ ಪಕ್ಕ ನಿಂತರು. "ತಪ್ಪು ನಂದ್ರಿ ಅಕ್ಕಾರ. ಚೆಕ್ ಮಾಡೋದೇ ನನ್ನ ಕೆಲಸ, ನಾ ಮಾಡಲಿಲ್ಲ. ಇವತ್ತು ಶಾಲು ಹೊದಸಂಗಿಲ್ರಿ. ನಾಳಿ ನಾವೇ ನಿಮ್ಮಲ್ಲಿ ಬರ್ತೀವಿ," ಎಂದು ಶಾಲನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಮರುದಿನ ಅವರು ಕಾರ್ಖಾನೆಗೆ ರಜೆ ಹಾಕಿದರು, ನಾನು ಶಾಲೆಗೆ. ಬಸ್ಸಿನಲ್ಲಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋದಾಮಿನಲ್ಲಿ ಸಂಜೆಯವರೆಗೆ ಹೆಂಗಸರ ನಡುವೆ ಕೂತು ಕೊಳೆತದ್ದು, ಮೊಳೆತದ್ದು, ಜೋಡುಗಡ್ಡೆ ಬೇರೆ ಮಾಡಿದೆ. ಕಣ್ಣಲ್ಲಿ ನೀರು ಬಂದದ್ದು ನಿಜ, ಧೂಳಿಗೆ. ಅರ್ಧ ಪುಟ ಬರೆದೆ. ಅಲ್ಲೇ, ಗೋಣಿಚೀಲಗಳ ನಡುವೆ ಅದನ್ನು ಓದಿದೆ. "ಹಾಂ, ಈಗ ಖರೇ ಅದ," ಎಂದು ಶಾಂತಾಬಾಯಿ ತಲೆಯಾಡಿಸಿದ ಮೇಲೆ ಸರ್ ಶಾಲನ್ನು ನನ್ನ ಕೈಗೆ ಕೊಟ್ಟರು.

ನಿವೃತ್ತರಾದ ಮೇಲೆ ಸರ್ ಛತ್ರಪತಿ ಸಂಭಾಜಿನಗರದ ಮಗಳ ಮನೆಗೆ ಹೋದರು. ಹೋದ ವರ್ಷ ಆಫೀಸಿನ ಕೆಲಸಕ್ಕೆ ಆ ಊರಿಗೆ ಹೋದಾಗ ನೋಡಿಬಂದೆ. ಮನೆಯಲ್ಲಿದ್ದರೂ ಜೇಬಿನಲ್ಲಿ ಎರಡೂ ಪೆನ್ನು ಇದ್ದವು. ನನ್ನ ನೌಕರಿ, ನನ್ನ ಬಡ್ತಿ, ನನ್ನ ಫ್ಲಾಟು ಎಂದು ಒಂದು ಗಂಟೆ ನಾನೇ ಮಾತಾಡಿದೆ. ಅವರು ಕೇಳಿಸಿಕೊಂಡರು. ನಾನು ಏಳುವಾಗ, "ನನಗ ಏನರ ಕೇಳೋದು ಅದ ಏನ್ ಬೇಟಾ?" ಎಂದರು.

"ಮುಂದಿನ ಸಲ ಸರ್, ಬಸ್ಸಿನ ಟೈಮ್ ಆಯ್ತು," ಎಂದೆ. ಎರಡು ತಿಂಗಳಿಗೆ ಅವರು ತೀರಿಕೊಂಡ ಸುದ್ದಿ ಬಂತು.

ಈ ರಾಜ್ಯೋತ್ಸವಕ್ಕೆ, ಈಗಲೂ ನಡೆಯುತ್ತಿರುವ ಆ ಭಾನುವಾರದ ಕ್ಲಾಸಿನ ಮಕ್ಕಳು ಬಿರಾದಾರ ಸರ್ ಅವರ ಬಗ್ಗೆಯೇ ಬರೆಯುವುದೆಂದು ತೀರ್ಮಾನವಾಗಿದೆ. ಮೊನ್ನೆ ಒಬ್ಬ ಹುಡುಗಿ ಎರಡು ಪೆನ್ನು ಹಿಡಿದು ನಮ್ಮ ಮನೆಗೆ ಬಂದಳು. ಲಾಸಲಗಾಂವಿನ ಕಥೆ ಬರೆದುಕೊಂಡು, ಕೊನೆಗೆ ಕೇಳಿದಳು: "ಆಂಟಿ, ಸರ್ ಈ ಕ್ಲಾಸ್ ಯಾಕ ಸುರು ಮಾಡಿದ್ರು? ಎರಡು ಪೆನ್ನಿಂದು ಅವರಿಗೆ ಯಾರು ಕಲಿಸಿದ್ರು?"

ಚೆಂದದ ಉತ್ತರವೊಂದು ನಾಲಗೆಯ ತುದಿಯಲ್ಲೇ ಇತ್ತು: ಬೀದರಿನ ಒಂದು ಹಳ್ಳಿಶಾಲೆ, ಅಲ್ಲೊಬ್ಬ ಕಟ್ಟುನಿಟ್ಟಿನ ಮೇಷ್ಟ್ರು. ಯಾರೂ ಅನುಮಾನಿಸುತ್ತಿರಲಿಲ್ಲ.

"ಗೊತ್ತಿಲ್ಲ," ಎಂದೆ. "ಅವರು ಕೇಳು ಅಂದಿದ್ರು. ನಾ ಕೇಳಲಿಲ್ಲ."

ಹುಡುಗಿ ಕಪ್ಪು ಪೆನ್ನಿನ ಮುಚ್ಚಳ ತೆಗೆದು ಅದನ್ನೇ ಬರೆದುಕೊಂಡಳು.