ಕಡಲ ಕಸದ ಮರ್ಯಾದೆ

ಹರಿಹರದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಕಸ ಗುಡಿಸುತ್ತಿದ್ದ ಕುಕ್ಕುವಾಡದ ಕೊಟ್ರವ್ವನಿಗೆ, ಕಸ ನೋಡಿಯೇ ಮನುಷ್ಯ ಎಂಥವನೆಂದು ಹೇಳುವ ವಿದ್ಯೆ ಕರಗತವಾಗಿತ್ತು. ಅಲ್ಲಿನ ಪ್ರೊಫೆಸರ್ ಮುರುಗೇಶಪ್ಪನವರು ಕಡಲ ತೀರದ ಮಾಲಿನ್ಯದ ಸಂಶೋಧಕರು. "ಪ್ಲಾಸ್ಟಿಕ್ ಬಳಸಬೇಡಿ" ಎಂದು ಆಫೀಸಿನ ಗೋಡೆಗೆ ಚೀಟಿ ಅಂಟಿಸಿದವರೂ ಅವರೇ, ಚಹಾ ಕುಡಿದ ಪ್ಲಾಸ್ಟಿಕ್ ಲೋಟದ ಅಂಚನ್ನು ಹೂವಿನ ಎಸಳಿನಂತೆ ಹರಿದು ಕಿಟಕಿಯಾಚೆ ಎಸೆಯುವವರೂ ಅವರೇ.

೧೯೯೮ರಲ್ಲೊಮ್ಮೆ ಅವರು ಕಾರವಾರದಿಂದ ಒಂದು ಚೀಲ ಕಸ ಹೊತ್ತು ತಂದರು. "ಹುಷಾರಾಗಿ ತೊಳಿ ಕೊಟ್ರವ್ವ, ಇದು ಸಂಶೋಧನೆ ಮಾಲು," ಎಂದರು. ಕೊಟ್ರವ್ವನಿಗೆ ಮೈಯೆಲ್ಲ ಉರಿಯಿತು. ಊರ ಕಸಕ್ಕಿಲ್ಲದ ಮರ್ಯಾದೆ ಕಡಲ ಕಸಕ್ಕೆ! ಕಿಟಕಿ ಕೆಳಗಿನ ಲೋಟಗಳನ್ನೂ ಬಾಚಿ ತಂದು, ತೊಳೆದು, ಅದೇ ಚೀಲಕ್ಕೆ ಸೇರಿಸಿಬಿಟ್ಟಳು.

ಮರುದಿನ ಮುರುಗೇಶಪ್ಪನವರು ವಿದ್ಯಾರ್ಥಿಗಳ ಮುಂದೆ ಚೀಲ ಸುರಿದರು. "ನೋಡ್ರಿ, ಆ ಕಾರವಾರದ ಜನಕ್ಕೆ ಒಂಚೂರಾದ್ರೂ ನಾಚಿಕೆ ಐತಾ?" ಎಂದು ಲೋಟವೊಂದನ್ನು ಎತ್ತಿ ಹಿಡಿದರು. ಅಂಚಿನಲ್ಲಿ ಎಸಳುಗಳಿದ್ದವು. ಇನ್ನೊಂದು ಎತ್ತಿದರು, ಅದಕ್ಕೂ ಎಸಳು. ಮೂರನೆಯದನ್ನು ಎತ್ತಿದವರೇ ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು.

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಕೊಟ್ರವ್ವ ಮೆತ್ತಗೆ ಕೇಳಿದಳು: "ಸಾಹೇಬ್ರ, ಅಲ್ಲಿ ಮಂದೀನೂ ನಿಮ್ಮಂಗೇ ಹೂವು ಮಾಡ್ತಾರೇನ್ರಿ?"