ಆಟಕ್ಕೆ ಬೆನ್ನು ಹಾಕಿದ ಮಾವ

ನಮ್ಮೂರಿನ ಬ್ಯಾಸ್ಕೆಟ್‌ಬಾಲ್ ತಂಡದ ಚರಿತ್ರೆಯನ್ನು ಕ್ರೀಡಾಂಗಣದ ಕಾವಲುಗಾರರಾಗಿದ್ದ ನಮ್ಮ ಸೋದರಮಾವನಷ್ಟು ಬಲ್ಲವರು ಇನ್ನೊಬ್ಬರಿಲ್ಲ; ಆದರೆ ಕೆಲಸದಲ್ಲಿದ್ದಷ್ಟು ದಿನ ಅವರು ಒಂದು ಪಂದ್ಯವನ್ನೂ ಕಣ್ಣಾರೆ ಕಂಡವರಲ್ಲ. ಆಟಕ್ಕೆ ಬೆನ್ನು ಹಾಕಿ ನಿಂತು ಜನರ ಮೇಲೆ ಕಣ್ಣಿಡುವುದೇ ಅವರ ಕೆಲಸವಾಗಿತ್ತು. ಪಾರಿವಾಳಗಳಿದ್ದ ತಗಡಿನ ಕ್ರೀಡಾಂಗಣ ಹೋಗಿ ಎಸಿ ಹಾಕಿದ ಹೊಸದು ಬಂದರೂ ಆ ಬೆನ್ನು ಮಾತ್ರ ತಿರುಗಲಿಲ್ಲ. ತಂಡ ಮೊದಲ ಕಪ್ ಗೆದ್ದ ಕತೆ ಕೇಳಿದರೆ ಸಾಕು, ಮೀಸೆ ತೀಡಿಕೊಳ್ಳುತ್ತಾರೆ. “ಕೊನೇ ಗಳಿಗೆ. ಮೊದಲ ಸಾಲಲ್ಲಿದ್ದ ಹಲ್ಲಿನ ಡಾಕ್ಟರು ತಾವೇ ಬಾಯಿ ಕಳೆದು ಮೇಲೆ ನೋಡಿದ್ರು. ಅಂದ್ರೆ ಚೆಂಡು ಹಾರ್ತು. ಅವರ ಹೆಂಡ್ತಿ ಅವರ ತೋಳು ಹಿಂಡಿದ್ರು. ಅಂದ್ರೆ ಚೆಂಡು ರಿಂಗಿನ ಮೇಲೆ ಕೂತು ಯೋಚನೆ ಮಾಡ್ತಿದೆ. ಆಮೇಲೆ ಡಾಕ್ಟರು ಆ ಕಡೆ ಕೂತಿದ್ದ ಪಕ್ಕದ್ಮನೆಯವಳನ್ನ ತಬ್ಕೊಂಡ್ರು ನೋಡು, ಕಪ್ಪು ನಮ್ದೇ!” ಒಂದು ಸಲವಾದರೂ ತಿರುಗಿ ನೋಡಬಾರದಿತ್ತೇ ಎಂದರೆ, “ಡ್ಯೂಟಿ ಅಂದ್ರೆ ಡ್ಯೂಟಿ” ಎಂದು ಗದರುತ್ತಾರೆ. ಟಿವಿಯಲ್ಲಾದರೂ ನೋಡಿ ಎಂದರೆ, “ಅದ್ರಲ್ಲಿ ಬರೀ ಆಟ ತೋರಿಸ್ತಾರೆ” ಎಂದು ಮೂಗು ಮುರಿಯುತ್ತಾರೆ. ಮೊನ್ನೆ ನಿವೃತ್ತರಾದಾಗ ತಂಡದವರು ಅವರಿಗೆ ಮೊದಲ ಸಾಲಿನಲ್ಲೇ ಕುರ್ಚಿ ಕೊಟ್ಟರು. ಈಗ ಚೆಂಡು ಬುಟ್ಟಿಗೆ ಬಿದ್ದರೆ ಮಾವ ಕಣ್ಣರಳಿಸಿ ಎರಡೂ ಕೈ ಎತ್ತುತ್ತಾರೆ; ತಪ್ಪಿದರೆ ಹಣೆ ಚಚ್ಚಿಕೊಂಡು, ಕೆನ್ನೆ ಉಬ್ಬಿಸಿ, ಕುರ್ಚಿಯಿಂದ ಅರ್ಧ ಜಾರುತ್ತಾರೆ. “ಇದೇನು ಮಾವ, ನಾಟಕದೋರ ಥರ!” ಎಂದು ಒಂದು ದಿನ ಪಕ್ಕದಲ್ಲಿ ಕೂತಿದ್ದ ನಾನು ನಾಚಿಕೆಯಿಂದ ಪಿಸುಗುಟ್ಟಿದೆ. ಎದುರಿಗೇ, ಆಟಕ್ಕೆ ಬೆನ್ನು ಹಾಕಿ ನೆಟ್ಟಗೆ ನಿಂತಿದ್ದ ಹೊಸ ಕಾವಲುಗಾರನ ಕಡೆ ಅವರು ಗದ್ದ ಎತ್ತಿ ತೋರಿಸಿದರು. “ಪಾಪ, ಅವನಿಗೂ ಆಟ ಕಾಣ್ಬೇಕಲ್ಲ.”