ಎರಡು ಮೆಟ್ಟಿಲಿನ ಪರೀಕ್ಷೆ

ಮಾಸೂರಿನ ಶೇಖವ್ವ ಬುದ್ಧಿ ಬಂದಾಗಿನಿಂದ ಕಂಡವರ ಗದ್ದೆಯಲ್ಲಿ ಬಗ್ಗಿ ದುಡಿದೇ ಸವೆದವಳು. ಈಚೆಗೆ ಸಸಿಯ ಹೊರೆ ಹೊತ್ತು ಕೆರೆಯ ಏರಿ ಹತ್ತಿದರೆ ಎದೆ ಹಿಂಡುತ್ತಿತ್ತು. ಆದರೂ ಹೊರೆ ಇಳಿಸುತ್ತಿರಲಿಲ್ಲ. ಇಳಿಸಿದರೆ ಹಿಂದೆ ಬರುವವರ ಬಾಯಿಗೆ ಬೀಳಬೇಕು.

ಅರವತ್ತನಾಲ್ಕನೆಯ ಇಸವಿಯಲ್ಲಿ, ಹೃದಯದ ಬೇನೆಯನ್ನು ಮೊದಲೇ ಪತ್ತೆಹಚ್ಚುವ ಹೊಸ ಪರೀಕ್ಷೆಯೊಂದನ್ನು ಹಳ್ಳಿಗಳಲ್ಲಿ ನಡೆಸಿ ನೋಡಲು ಅನಂತ ಡಾಕ್ಟರು ಊರ ಚಾವಡಿಗೆ ಬಂದರು. ಎರಡೇ ಮೆಟ್ಟಿಲಿನ ಮರದ ಪೀಠವಿಟ್ಟು, "ಹತ್ತಿ ಇಳೀರಿ. ಎದಿ ನೋಯ್ತಂದ್ರ ಹೇಳ್ರಿ," ಎಂದರು.

ಶೇಖವ್ವ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಅವಳ ಮುಖ ಬೆವೆತು ತುಟಿ ಬಿಳಿಚಿದ್ದು ಕಂಡು ಡಾಕ್ಟರು ಓಡಿಬಂದು ರಟ್ಟೆ ಹಿಡಿದರು.

"ನೋವು ಬಂದಿಲ್ಲೇನವ್ವ?"

"ಬಂದು ಭಾಳ ಹೊತ್ತಾತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಅದನ್ನೇನ ಹೇಳೂದ್ರಿ? ಕೆಲಸ ಇನ್ನೂ ಮುಗಿದಿದ್ದಿಲ್ಲಲ್ರಿ."

ಡಾಕ್ಟರು ಅವಳನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ, ಒಂದು ಗುಳಿಗೆ ಕೊಟ್ಟು ನಾಲಿಗೆಯ ಕೆಳಗಿಡಿಸಿದರು. ಉಸಿರು ಹಿಡಿತಕ್ಕೆ ಬಂದ ಮೇಲೆ ಶೇಖವ್ವ ಕುರ್ಚಿಯ ಕೈ ಸವರುತ್ತ ಕೇಳಿದಳು:

"ಎದಿ ನೋಯ್ತಂದ್ರ ಕುಂದರಸೂ ಕೆಲಸ ಇದೊಂದ ನೋಡ್ರಿ. ನಾಳೆನೂ ಬರ್ಲೇನ್ರಿ?"